ಮಳೆ ಬಳೆಯಾದ ಕಥೆ

ನಮ್ಮ ಚೆಟ್ಟಳ್ಳಿಯಲ್ಲಿ ಮಳೆಯ ವಿಷಯವಾಗಿ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಸುಲಭವಲ್ಲ. ಊರಿನಲ್ಲಿ 1946ರಷ್ಟು ಹಿಂದೆಯೇ ಸ್ಥಾಪಿತವಾದ ಕಾಫಿ ಸಂಶೋಧನಾ ಉಪಕೇಂದ್ರವಿದೆ. ಕಿತ್ತಳೆ, ಬೆಣ್ಣೆಹಣ್ಣು ಮುಂತಾದವುಗಳ ಮೇಲೆ ಪ್ರಯೋಗ ನಡೆಸುವ ತೋಟಗಾರಿಕೆಯ ಕೇಂದ್ರವೂ ಇದೆ. ಅವು ಸಾಲವೆಂಬಂತೆ, ನಾಲ್ಕು ಎಕರೆ ತೋಟವುಳ್ಳವರು ಕೂಡ ತಮ್ಮ ಅಂಗಳದಲ್ಲೊಂದು ಮಳೆಮಾಪಕವನ್ನು ನೆಟ್ಟಿರುತ್ತಾರೆ. ಬೇರೆ ಊರುಗಳಲ್ಲಿ ಎದುರಾದವರು “ಊಟವಾಯಿತೆ?” ಎಂದು ಕೇಳುವುದುಂಟು. ನಮ್ಮಲ್ಲಿ ಆಷಾಢ ಬಂದಿತೆಂದರೆ “ನಿನ್ನೆ ನಿಮಗೆಷ್ಟು?” ಎಂಬುದೇ ಕುಶಲಪ್ರಶ್ನೆ. ಉತ್ತರವೂ ಇಂಚು ಮತ್ತು ಸೆಂಟುಗಳಲ್ಲಿಯೇ ಬರಬೇಕು. ದೇಶವೆಲ್ಲ ಮಿಲಿಮೀಟರಿಗೆ ಒಗ್ಗಿಕೊಂಡು ಎಷ್ಟೋ ಕಾಲವಾಗಿದ್ದರೂ, ನೂರು ಸೆಂಟಿಗೆ ಒಂದು ಇಂಚು ಎಂಬ ಹಳೆಯ ಲೆಕ್ಕವನ್ನು ಕೊಡಗಿನ ಬೆಳೆಗಾರನು ಬಿಟ್ಟುಕೊಟ್ಟಿಲ್ಲ.

ನಮ್ಮ ತಂದೆಯವರು ಈ ಲೆಕ್ಕವನ್ನು 1979ರಿಂದ ಬರೆದಿಟ್ಟಿದ್ದಾರೆ. ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಅವರು ಕೊಡೆ ಬಿಡಿಸಿಕೊಂಡು ಅಂಗಳದ ಮೂಲೆಗೆ ಹೋಗುವರು. ಶೀಶೆಯ ನೀರನ್ನು ಅಳತೆಯ ಗಾಜಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ಒಳಗೆ ಬಂದು ಪುಸ್ತಕದಲ್ಲಿ ಅಂದಿನ ಮನೆಯನ್ನು ತುಂಬುವರು. ಅದರ ಪಕ್ಕದಲ್ಲಿ “ರಾತ್ರಿಯೆಲ್ಲ ಮಳೆ, ಗಾಳಿ”, “ಹೂಮಳೆ, ಸಾಕಷ್ಟಾಯಿತು” ಎಂಬಂತಹ ಒಂದು ಸಾಲಿನ ಟಿಪ್ಪಣಿಯಿರುತ್ತದೆ. ತಿಂಗಳ ಕೊನೆಗೆ ಕೆಂಪು ಶಾಯಿಯಲ್ಲಿ ಮೊತ್ತ. ಹೂಮಳೆ ಯಾವ ದಿನ ಬಿದ್ದಿತು, ಅದಕ್ಕೆ ಬೆಂಬಲವಾಗಿ ಬರಬೇಕಾದ ಮಳೆ ಎಷ್ಟು ದಿನ ತಡಮಾಡಿತು ಎಂಬುದರ ಮೇಲೆಯೇ ವರ್ಷದ ಬೆಳೆ ನಿಂತಿರುವುದರಿಂದ, ಈ ಪುಸ್ತಕಗಳನ್ನು ನೋಡಿಹೋಗಲು ನೆರೆಯ ತೋಟದವರೂ ಬರುವುದುಂಟು. 2018ರ ಆಗಸ್ಟಿನಲ್ಲಿ ಜಿಲ್ಲೆಯ ಬೆಟ್ಟಗಳೇ ಜರಿದಾಗ ನಮಗೆ ಅಂತಹ ಅನಾಹುತವೇನೂ ಆಗಲಿಲ್ಲ. ಆದರೆ ಹೆಂಚಿನ ಸಂದಿನಿಂದ ಇಳಿದ ನೀರು ಕಪಾಟಿನಲ್ಲಿದ್ದ ಮೂರು ಪುಸ್ತಕಗಳನ್ನು ತೋಯಿಸಿತು. ಶಾಯಿ ಹರಡಿತು. ಮಳೆಯ ಲೆಕ್ಕವನ್ನು ಮಳೆಯೇ ಅಳಿಸಿದ್ದನ್ನು ಕಂಡು ತಂದೆಯವರು ಎರಡು ದಿನ ಮಾತನಾಡಲಿಲ್ಲ.

ಅವುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿಬಿಡುವುದೆಂದು ನಾನು ಅಂದೇ ಮಾತು ಕೊಟ್ಟೆನು. ಕೆಲಸ ಆರಂಭವಾದದ್ದು ಮಾತ್ರ 2024ರ ಯುಗಾದಿಯ ವೇಳೆಗೆ. ಕನ್ನಡದ ಅಧ್ಯಾಪಕನು ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಆರು ವರ್ಷ ತೆಗೆದುಕೊಂಡದ್ದು ಹೆಚ್ಚೇನೂ ಅಲ್ಲವೆಂದು ನನ್ನ ಸಹೋದ್ಯೋಗಿಗಳನ್ನು ಬಲ್ಲವರು ಒಪ್ಪಿಯಾರು.

ನಮ್ಮ ಮನೆಯ ಯಂತ್ರ 2014ರಲ್ಲಿ ಕೊಂಡದ್ದು. ಅದರ ರ‍್ಯಾಮ್, ಎಂದರೆ ತಾತ್ಕಾಲಿಕ ನೆನಪು, ನಾಲ್ಕು ಜಿಬಿ. ಪುಸ್ತಕದ ಪುಟಗಳ ಚಿತ್ರಗಳನ್ನು ತೆಗೆದು ಒಂದು ಪಕ್ಕದಲ್ಲಿ ತೆರೆದಿಟ್ಟು, ಇನ್ನೊಂದು ಪಕ್ಕದಲ್ಲಿ ನೋಟ್‌ಪ್ಯಾಡಿನಲ್ಲಿ ಅಂಕಿಗಳನ್ನೂ ಟಿಪ್ಪಣಿಗಳನ್ನೂ ಕನ್ನಡದಲ್ಲಿ ಬೆರಳಚ್ಚು ಮಾಡುತ್ತ ಹೋದಂತೆ ಯಂತ್ರಕ್ಕೆ ಏದುಸಿರು ಬರತೊಡಗಿತು. ಒಂದು ಪುಟ ತೆರೆಯುವಷ್ಟರಲ್ಲಿ ಒಂದು ಲೋಟ ಕಾಫಿ ಮುಗಿಯುತ್ತಿತ್ತು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗನು ದೂರವಾಣಿಯಲ್ಲಿ, “ಮಾಮ, ಇನ್ನೊಂದು ನಾಲ್ಕು ಜಿಬಿ ಹಾಕಿಸಿಬಿಡಿ. ಒಂದು ಗೂಡು ಖಾಲಿ ಇರುತ್ತದೆ. ನೀವೇ ಹಾಕಬಹುದು, ಐದು ನಿಮಿಷದ ಕೆಲಸ” ಎಂದನು. ಐದು ನಿಮಿಷದ ಕೆಲಸವೆಂದು ಯುವಕರು ಹೇಳುವ ಕೆಲಸಗಳ ವಿಚಾರವಾಗಿಯೇ ಒಂದು ಪ್ರತ್ಯೇಕ ಪ್ರಬಂಧವನ್ನು ಬರೆಯಬಹುದು.

ಆ ಜುಲೈ ತಿಂಗಳಲ್ಲಿ ಮಳೆಯ ಕಾರಣ ಕಾಲೇಜಿಗೆ ರಜೆ ಬಂದಿತ್ತು. ಪಟ್ಟಣದ ಅಂಗಡಿಯೊಂದಕ್ಕೆ ಹೋಗಿ ರ‍್ಯಾಮ್ ಬೇಕೆಂದೆನು. ಯಾವುದೆಂದು ಅವರೂ ಕೇಳಲಿಲ್ಲ, ಹಲವು ಬಗೆಗಳಿವೆಯೆಂಬುದು ನನಗೂ ಗೊತ್ತಿರಲಿಲ್ಲ. ಮನೆಗೆ ತಂದು ನೋಡಿದರೆ ಅದು ಗೂಡಿನಲ್ಲಿ ಕೂರಲೊಲ್ಲದು. ಡಿಡಿಆರ್ 3 ಎಂಬ ಹಳೆಯ ಪೀಳಿಗೆಗೆ 240 ಹಲ್ಲುಗಳು, ಡಿಡಿಆರ್ 4 ಎಂಬುದಕ್ಕೆ 288. ಒಂದರ ಜಾಗಕ್ಕೆ ಇನ್ನೊಂದನ್ನು ತುರುಕದಿರಲೆಂದು ತಳದಲ್ಲಿರುವ ಕಚ್ಚನ್ನೂ ಬೇರೆ ಬೇರೆ ಕಡೆ ಮಾಡಿರುತ್ತಾರೆ. ಮರುದಿನ ಮತ್ತೆ ಹೋಗಿ ಬದಲಾಯಿಸಿಕೊಂಡು ಬಂದೆನು. ಎರಡು ಕಡೆಯ ಕೊಕ್ಕೆಗಳು ಟಕ್ಕೆಂದು ಮುಚ್ಚಿಕೊಂಡಾಗ ನನಗಾದ ಹೆಮ್ಮೆ ಎಂ.ಎ. ಪದವಿ ಕೈಗೆ ಬಂದಾಗಲೂ ಆಗಿರಲಿಲ್ಲ. ಗುಂಡಿ ಒತ್ತಿದೆನು. ಪರದೆ ಕಪ್ಪಾಗಿಯೇ ಉಳಿಯಿತು. ಪೆಟ್ಟಿಗೆಯೊಳಗಿನಿಂದ ಮಾತ್ರ ಮರಿ ಕಳೆದುಕೊಂಡ ಹಕ್ಕಿಯಂತೆ ಒಂದು ಕೂಗು ಬಿಟ್ಟು ಬಿಟ್ಟು ಕೇಳತೊಡಗಿತು.

ಆ ಕೂಗು ಯಂತ್ರದ ಭಾಷೆಯಂತೆ. ನೆನಪು ಸಿಕ್ಕದಿದ್ದರೆ ಪರದೆಯ ಮೇಲೆ ಏನನ್ನೂ ಬರೆಯಲಾರದ್ದರಿಂದ ಅದು ಹೀಗೆ ಕೂಗಿ ಹೇಳುತ್ತದೆ. ಅಳಿಯನ ಸಲಹೆಯಂತೆ ವಿದ್ಯುತ್ತಿನ ತಂತಿಯನ್ನು ಕಿತ್ತು, ಕೈಯನ್ನು ಪೆಟ್ಟಿಗೆಯ ಲೋಹಕ್ಕೆ ತಾಗಿಸಿ, ಎರಡು ಪಟ್ಟಿಗಳನ್ನೂ ಹೊರಗೆ ತೆಗೆದೆನು. ಹಳೆಯ ಪಟ್ಟಿಯ ಹೊನ್ನಿನ ಹಲ್ಲುಗಳ ಮೇಲೆ ನಮ್ಮೂರಿನ ಹತ್ತು ಮಳೆಗಾಲಗಳ ಪೊರೆಯೊಂದು ಕಟ್ಟಿಕೊಂಡಿತ್ತು. ಮಗಳ ಪೆನ್ಸಿಲ್ ಪೆಟ್ಟಿಗೆಯಿಂದ ರಬ್ಬರನ್ನು ಕೇಳಿ ಪಡೆದು ಮೃದುವಾಗಿ ಉಜ್ಜಿದೆನು. ಮತ್ತೆ ಕೂರಿಸಿ ಗುಂಡಿ ಒತ್ತಲು ಪರದೆ ಬೆಳಗಿತು. ಎಂಟು ಜಿಬಿ ಎಂದು ತೋರಿಸಿತು. ಮಗಳು ರಬ್ಬರನ್ನು ಹಿಂದಕ್ಕೆ ಪಡೆದು, ಅದು ಕೊಳೆಯಾದುದಕ್ಕಾಗಿ ನನ್ನಿಂದ ಇನ್ನೊಂದರ ಭರವಸೆಯನ್ನೂ ಪಡೆದಳು.

ಈಗ ಯಂತ್ರಕ್ಕೆ ಓಟ ಬಂದಿತು. ಆದರೆ ದಿನಕ್ಕೆರಡು ಬಾರಿ ಅದು ಕೆಲಸದ ನಡುವೆಯೇ ನೀಲಿಯ ಪರದೆಯನ್ನು ತೋರಿಸಿ ಮೂರ್ಛೆಹೋಗುತ್ತಿತ್ತು. ತಪ್ಪು ಯಾರದೆಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಮನೆಯಲ್ಲಿ ಹಾಲು ಒಡೆದರೆ ಹೊಸದಾಗಿ ಬಂದ ಸೊಸೆಯ ಮೇಲೆಯೇ ಮೊದಲು ಕಣ್ಣು ಹೋಗುವುದಷ್ಟೆ? ಹೊಸ ಪಟ್ಟಿಯನ್ನು ಹಿಂದಿರುಗಿಸಿ ಹಣ ಕೇಳುವುದೆಂದು ನಿಶ್ಚಯಿಸಿದೆನು. ಅಷ್ಟರಲ್ಲಿ ಅಳಿಯನು ನಾನು ಬರೆದಿದ್ದ ಅಂಕಿಗಳನ್ನೆಲ್ಲ ತಿಂಗಳು ತಿಂಗಳಾಗಿ ಕೂಡುವ ಒಂದು ಹಾಳೆಯನ್ನು ಸಿದ್ಧಪಡಿಸಿ ಕಳುಹಿಸಿದನು. ತಂದೆಯವರ ಕೆಂಪು ಶಾಯಿಯ ಮೊತ್ತಗಳೊಡನೆ ಹೋಲಿಸಿ ನೋಡಿದೆನು. ಐದು ತಿಂಗಳುಗಳಲ್ಲಿ ತಾಳೆಯಾಗಲಿಲ್ಲ. ಐದರಲ್ಲಿಯೂ ಅವರ ಮೊತ್ತವೇ ಹೆಚ್ಚು.

ಆ ರಾತ್ರಿ ಊಟಕ್ಕೆ ಕುಳಿತಾಗ ನಾನು ಹೇಳಬಾರದ ಮಾತನ್ನು ಹೇಳಿದೆನು. “ಅಪ್ಪ, ಐದು ಕಡೆ ನಿಮ್ಮ ಕೂಡುವಿಕೆ ತಪ್ಪಿದೆ. ಕಂಪ್ಯೂಟರ್ ಕೂಡಿ ನೋಡಿದೆ. ಹೋಗಲಿ ಬಿಡಿ, ವಯಸ್ಸಾದ ಮೇಲೆ ಆಗುವುದೇ.” ಆ ಮೊತ್ತಗಳಲ್ಲಿ ಮೂರನ್ನು ಅವರು ಹಾಕಿದ್ದು ಈಗ ನನಗಿರುವ ವಯಸ್ಸಿಗಿಂತಲೂ ಚಿಕ್ಕವರಾಗಿದ್ದಾಗ ಎಂಬುದು ನನ್ನ ಬುದ್ಧಿಗೆ ಹೊಳೆಯಲಿಲ್ಲ. ತಂದೆಯವರು ತಲೆಯೆತ್ತಿ ನನ್ನನ್ನು ನೋಡಿದರು, “ಹೌದೇನೋ” ಎಂದರು. ಮಜ್ಜಿಗೆ ಬಡಿಸಿಕೊಳ್ಳದೆ ಎದ್ದರು.

ಮರುದಿನ ಬೆಳಿಗ್ಗೆ ಎಂಟೂವರೆಗೆ ಅವರು ಜಗಲಿಯ ಕುರ್ಚಿಯಲ್ಲಿಯೇ ಕುಳಿತಿದ್ದರು. ಕೊಡೆ ಗೂಟದಲ್ಲಿ ತೂಗುತ್ತಿತ್ತು. ಮೈ ಸರಿಯಿಲ್ಲವೇನೋ ಎಂದುಕೊಂಡೆನು. ಅದರ ಮರುದಿನವೂ ಹಾಗೆಯೇ. ಹೊರಗೆ ಕಕ್ಕಡದ ಮಳೆ ಹಗಲಿರುಳೆನ್ನದೆ ಸುರಿಯುತ್ತಿತ್ತು. ನನ್ನಾಕೆ ಅಡುಗೆಮನೆಯ ಬಾಗಿಲಿನಿಂದ ನನ್ನನ್ನು ಕೈಸನ್ನೆಯಿಂದ ಕರೆದು, “ಮಾವನವರು ಎರಡು ದಿನದಿಂದ ಮಳೆ ಅಳೆದಿಲ್ಲ. ನಿಮಗೆ ಕಾಣಿಸಿತೆ?” ಎಂದಳು. ಕಾಣಿಸಿರಲಿಲ್ಲವೆಂದು ಹೇಳುವ ಧೈರ್ಯ ನನಗಾಗಲಿಲ್ಲ.

ಅಂದು ಸಂಜೆ ಮನಸ್ಸಿನ ಕಸಿವಿಸಿಗೆ ಮದ್ದೆಂಬಂತೆ ಟಿಪ್ಪಣಿಗಳನ್ನು ಮೊದಲಿನಿಂದ ಓದುತ್ತ ಕುಳಿತೆನು. ಒಂದು ಕಡೆ “ರಾತ್ರಿಯೆಲ್ಲ ಬಳೆ, ಗಾಳಿ” ಎಂದಿತ್ತು. ಪುಸ್ತಕವನ್ನು ತೆರೆದು ನೋಡಿದರೆ ತಂದೆಯವರು ಮಳೆಯೆಂದೇ ಬರೆದಿದ್ದರು. ನನ್ನ ಬೆರಳು ಜಾರಿರಬೇಕೆಂದು ನಕ್ಕು ಮುಂದಕ್ಕೆ ಹೋದೆನು. ಹತ್ತು ಪುಟಗಳ ಮುಂದೆ ನಗೆ ನಿಂತಿತು. ಅಲ್ಲಿ “ಮಱೆ ನಿಂತಿತು” ಎಂದಿತ್ತು.

ಓದುಗರಲ್ಲಿ ಹಳಗನ್ನಡವನ್ನು ಓದಿದವರು ಈ ಅಕ್ಷರವನ್ನು ಗುರುತಿಸಿಯಾರು. ಇದು ಶಕಟರೇಫೆ, ಕನ್ನಡದ ಬಳಕೆಯಿಂದ ಬಿಟ್ಟುಹೋಗಿ ಶತಮಾನಗಳೇ ಕಳೆದಿವೆ. ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ನಾನು ವರ್ಷಕ್ಕೊಮ್ಮೆ ಇದನ್ನು ಬರೆಯುತ್ತೇನೆಯೇ ಹೊರತು, ಕೀಲಿಮಣೆಯಲ್ಲಿ ಯಾವ ಗುಂಡಿಗಳನ್ನೊತ್ತಿದರೆ ಬರುತ್ತದೆಂಬುದೂ ನನಗೆ ತಿಳಿಯದು. ತಿಳಿಯದ ಅಕ್ಷರವನ್ನು ಬೆರಳು ಜಾರಿ ಬರೆಯುವುದು ಹೇಗೆ? ಇನ್ನೊಂದು ವಿಚಿತ್ರವನ್ನು ಹೇಳಬೇಕು. ಹಳಗನ್ನಡದಲ್ಲಿ ಮಳೆ ಎಂಬುದನ್ನು ‘ಮೞೆ’ ಎಂದು ರಳಕಾರದಿಂದ ಬರೆಯುತ್ತಿದ್ದರು. ‘ಮಱೆ’ ಎಂಬುದಕ್ಕೆ ಅರ್ಥ ಮರೆತುಬಿಡು ಎಂದು. ಯಂತ್ರಕ್ಕೆ ಹಳಗನ್ನಡದ ಮೇಲೆ ಮೋಹ ಹುಟ್ಟಿದ್ದರೆ ಅದು ತಪ್ಪು ಅಕ್ಷರವನ್ನು ಆರಿಸಿಕೊಂಡಿತ್ತು.

ಎರಡು ಹಾಳೆಗಳನ್ನೂ, ತಾಳೆಯಾಗದ ಐದು ತಿಂಗಳುಗಳ ಪಟ್ಟಿಯನ್ನೂ ಹಿಡಿದು ತಂದೆಯವರ ಕೋಣೆಗೆ ಹೋದೆನು. ಅವರು ಕನ್ನಡಕವನ್ನು ಹಾಕಿಕೊಂಡು ಪಟ್ಟಿಯನ್ನು ಬಹಳ ಹೊತ್ತು ನೋಡಿದರು. ಅದರಲ್ಲಿದ್ದ ಕೊರತೆಗಳು ಇವು: 2 ಇಂಚು, 20 ಸೆಂಟು, 2 ಸೆಂಟು, ಮತ್ತೆ 20 ಸೆಂಟು, ಮತ್ತೆ 2 ಇಂಚು.

“ಎಲ್ಲಾ ಎರಡೇ” ಎಂದರು.

“ಏನಪ್ಪ?”

“ಮನುಷ್ಯ ತಪ್ಪಿ ಕೂಡಿದರೆ ಒಮ್ಮೆ ಒಂದು ಹೋದೀತು, ಒಮ್ಮೆ ಏಳು ಹೋದೀತು, ಒಮ್ಮೆ ಹೆಚ್ಚೂ ಬಂದೀತು. ಇಲ್ಲಿ ಯಾವಾಗಲೂ ಎರಡೇ ಹೋಗಿದೆ. ಬಿಡಿಸ್ಥಾನದಲ್ಲಿ ಎರಡು, ಹತ್ತರ ಸ್ಥಾನದಲ್ಲಿ ಎರಡು. ಬಾ, ದಿನದಿನದ ಅಂಕಿ ನೋಡೋಣ.”

ಇಬ್ಬರೂ ಕುಳಿತು ಹುಡುಕಿದೆವು. ಒಂದು ಕಡೆ ಪುಸ್ತಕದಲ್ಲಿ 7 ಇದ್ದುದು ಪರದೆಯಲ್ಲಿ 5 ಆಗಿತ್ತು. ಇನ್ನೊಂದು ಕಡೆ 3 ಇದ್ದುದು 1. ಮತ್ತೊಂದು ಕಡೆ 6 ಇದ್ದುದು 4. ಉಳಿದವೂ ಹಾಗೆಯೇ. ತಂದೆಯವರು ಬೆರಳಿಟ್ಟು ತೋರಿಸುತ್ತ, “ಇದರಲ್ಲಿ ಎರಡು ತಿಂಗಳು ನೀನು ಯುಗಾದಿಯ ಸುಮಾರಿಗೆ ಬರೆದವು. ನಿನ್ನ ಆ ಹೊಸ ಪಟ್ಟಿ ಬಂದದ್ದು ಮೊನ್ನೆ” ಎಂದರು. ನಾನು ತೆಪ್ಪಗಾದೆನು.

ಅಳಿಯನಿಗೆ ಆಗಲೇ ದೂರವಾಣಿ ಮಾಡಿದೆನು. ಅವನು ಕೇಳಿ ಕ್ಷಣಕಾಲ ಸುಮ್ಮನಿದ್ದು, “ಮಾಮ, ತಾತ ಹೇಳಿದ್ದೇ ಸರಿ. ಎರಡೇ ಹೋಗಿರುವುದು. ಅಕ್ಷರದಲ್ಲಿಯೂ ಎರಡೇ” ಎಂದನು. ವಿಷಯ ಹೀಗಿದೆ. ಕಂಪ್ಯೂಟರಿನೊಳಗೆ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯುಂಟು. ಯುನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ, 1991ರ ಅದರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ. ಅದರಂತೆ ‘ಮ’ಕಾರದ ಸಂಖ್ಯೆ 3246, ‘ಬ’ಕಾರದ್ದು 3244. ‘ಳ’ಕಾರದ್ದು 3251, ಶಕಟರೇಫೆಯದು 3249. 7 ಎಂಬ ಅಂಕಿಯ ಚಿಹ್ನೆಗೆ 55, 5ರ ಚಿಹ್ನೆಗೆ 53. ಎಲ್ಲೆಡೆಯೂ ಎರಡರ ಕೊರತೆ! ಯಂತ್ರವು ಸಂಖ್ಯೆಗಳನ್ನು ಒಂದು, ಎರಡು, ನಾಲ್ಕು, ಎಂಟು ಎಂಬ ತೂಕದ ಬಟ್ಟುಗಳನ್ನಿಟ್ಟಂತೆ ಇಡುತ್ತದೆ. ಅವುಗಳಲ್ಲಿ ಎರಡರ ಬಟ್ಟು ಮಾತ್ರ ಎಲ್ಲಿಯೋ ಒಂದು ಕಡೆ ನಿಲ್ಲುತ್ತಿರಲಿಲ್ಲ. 2, 3, 6, 7 ಈ ಅಂಕಿಗಳಲ್ಲಿ ಮಾತ್ರ ಆ ಬಟ್ಟು ಇರುವುದರಿಂದ ಅವುಗಳ ಮನೆಯಲ್ಲಿ ಮಾತ್ರ ಕಳವಾಗುತ್ತಿತ್ತು. 1, 4, 5, 8, 9 ಕ್ಷೇಮವಾಗಿದ್ದವು.

ಈ ನೆನಪಿನ ರಚನೆಯೇ ಸೋಜಿಗದ್ದು. ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಎಂಬುವರು 1966ರಲ್ಲಿ ಇದನ್ನು ಕಲ್ಪಿಸಿ 1968ರಲ್ಲಿ ಹಕ್ಕುಪತ್ರ ಪಡೆದರು. ಒಂದೊಂದು ಬಿಟ್‌ಗೆ ಒಂದೊಂದು ಪುಟ್ಟ ವಿದ್ಯುತ್ಪಾತ್ರೆ, ಅದಕ್ಕೊಂದು ಬಾಗಿಲು. ಪಾತ್ರೆ ತುಂಬಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ. ಆದರೆ ಆ ಪಾತ್ರೆಗಳೆಲ್ಲವೂ ಸೋರುವಂಥವೇ. ಆದುದರಿಂದ ಸೆಕೆಂಡಿಗೆ ಸುಮಾರು ಹದಿನೈದು ಬಾರಿ ಎಲ್ಲವನ್ನೂ ನೋಡಿ, ತುಂಬಿದ್ದವನ್ನು ಮತ್ತೆ ತುಂಬುತ್ತಲೇ ಇರಬೇಕು. ನಾಲ್ಕು ಜಿಬಿಯ ಒಂದು ಪಟ್ಟಿಯಲ್ಲಿ ಅಂತಹ ಪಾತ್ರೆಗಳು ಸುಮಾರು 3,436 ಕೋಟಿ. ಅಷ್ಟರಲ್ಲಿ ನಾಲ್ಕಾರು ಪಾತ್ರೆಗಳು ತೂತಾಗಿ, ತುಂಬುವ ಮೊದಲೇ ಬರಿದಾದರೆ ಮಳೆಯು ಬಳೆಯಾಗುವುದು.

ಯಾವ ಪಟ್ಟಿಯೆಂದು ತಿಳಿಯಲು ಮೆಮ್‌ಟೆಸ್ಟ್ ಎಂಬ ಪರೀಕ್ಷೆಯುಂಟು. ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿದರೆ ಅದು ಪ್ರತಿಯೊಂದು ಮನೆಗೂ ಏನನ್ನಾದರೂ ಬರೆಯುವುದು, ಹಿಂದಕ್ಕೆ ಓದುವುದು, ಬರೆದದ್ದೂ ಓದಿದ್ದೂ ಒಂದೆಯೇ ಎಂದು ನೋಡುವುದು. ಪಟ್ಟಿಗಳನ್ನು ಒಂದೊಂದಾಗಿ ಹಾಕಿ ಪರೀಕ್ಷಿಸಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಕಳ್ಳನಾರೆಂದು ತಿಳಿಯದು. ರಾತ್ರಿ ಹತ್ತಕ್ಕೆ ನಾನು ಹೊಸ ಪಟ್ಟಿಯೊಂದನ್ನೇ ಇಟ್ಟು ಆರಂಭಿಸಿದೆನು. ತಂದೆಯವರು ಶಾಲು ಹೊದ್ದು ಪಕ್ಕದಲ್ಲಿ ಕುಳಿತರು. ಒಂದು ಗಂಟೆಯ ವೇಳೆಗೆ ಎಲ್ಲಿಯೋ ಮರ ಬಿದ್ದು ವಿದ್ಯುತ್ತು ಹೋಯಿತು. ಯುಪಿಎಸ್ ಕಾಲುಗಂಟೆ ಕೂಗಿ ಸುಮ್ಮನಾಯಿತು. ಮೂರಕ್ಕೆ ಬೆಳಕು ಬಂದಿತು. ಅಲ್ಲಿಯವರೆಗೆ ಹೊಸ ಪಟ್ಟಿಯಲ್ಲಿ ಒಂದು ತಪ್ಪೂ ಕಂಡಿರಲಿಲ್ಲ. ಅದನ್ನು ತೆಗೆದು, ಅದೇ ಗೂಡಿನಲ್ಲಿ ಹಳೆಯದನ್ನು ಇಟ್ಟೆನು. ಹತ್ತು ನಿಮಿಷವಾಗುವಷ್ಟರಲ್ಲಿ ಪರದೆಯ ಮೇಲೆ ಕೆಂಪು ಸಾಲುಗಳು ಒಂದರ ಕೆಳಗೊಂದು ಇಳಿಯತೊಡಗಿದವು. ಪ್ರತಿ ಸಾಲಿನ ಕೊನೆಯಲ್ಲಿಯೂ ಸೊನ್ನೆಗಳ ನಡುವೆ ಒಂದೇ ಒಂದು ಅಂಕಿ: 2.

ಗೂಡನ್ನು ಬದಲಾಯಿಸಿ ನೋಡಿದರೂ ಅದೇ. ಹತ್ತು ವರ್ಷದಿಂದ ಮನೆಯಲ್ಲಿದ್ದು ನಂಬುಗೆ ಗಳಿಸಿದ್ದ ಹಿರಿಯ ಪಟ್ಟಿಯೇ ಕಳ್ಳ. ಪಾಪ, ಹೊಸ ಸೊಸೆ ನಿರಪರಾಧಿನಿ. ಎರಡೂ ಜೊತೆಗೂಡಿದಾಗ ಯಂತ್ರವು ಹೊರೆಯನ್ನು ಬೇರೆ ರೀತಿಯಲ್ಲಿ ಹಂಚುವುದರಿಂದ, ಹಿಂದೆ ಅಪರೂಪಕ್ಕೊಮ್ಮೆ ಮಾತ್ರ ತುಳಿಯುತ್ತಿದ್ದ ಕೊಳೆತ ಹಲಗೆಯ ಮೇಲೆ ಈಗ ದಿನವೂ ಕಾಲಿಟ್ಟು ಬೀಳುತ್ತಿತ್ತು. ಅದಕ್ಕೇ ಆ ನೀಲಿಯ ಮೂರ್ಛೆ.

“ಬ್ಯಾಂಕಿನವರ ಯಂತ್ರದಲ್ಲಿಯೂ ಹೀಗಾಗುತ್ತದೆಯೇ?” ಎಂದು ತಂದೆಯವರು ಕೇಳಿದರು. ಅಂತಹ ದೊಡ್ಡ ಯಂತ್ರಗಳಲ್ಲಿ ಪ್ರತಿ 64 ಬಿಟ್‌ಗಳಿಗೆ 8 ಬಿಟ್‌ಗಳನ್ನು ಹೆಚ್ಚಾಗಿಟ್ಟು, ಒಂದು ಬಿಟ್ ತಪ್ಪಿದರೆ ತಾನೇ ಕಂಡುಹಿಡಿದು ತಿದ್ದಿಕೊಳ್ಳುವ ಏರ್ಪಾಡಿರುತ್ತದೆ. ಮನೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಇದನ್ನು ಹೇಳುತ್ತಿದ್ದಂತೆ ನನಗೆ ಹೊಳೆಯಿತು: ನಮ್ಮ ಮನೆಯಲ್ಲಿ ಆ ಏರ್ಪಾಡು ಇತ್ತು, ಕೆಂಪು ಶಾಯಿಯಲ್ಲಿತ್ತು, ಅದು ಎಚ್ಚರಿಸಿದಾಗ ನಾನು ಅದನ್ನೇ ತಪ್ಪೆಂದಿದ್ದೆನು.

“ಅಪ್ಪ, ಆ ದಿನ ನಾನು ಹಾಗೆ ಹೇಳಬಾರದಾಗಿತ್ತು” ಎಂದೆನು.

ಅವರು ಉತ್ತರ ಕೊಡಲಿಲ್ಲ. ಗಡಿಯಾರವನ್ನು ನೋಡಿ, “ಸ್ವಲ್ಪ ಮಲಗು. ಕಣ್ಣು ಕೆಂಪಾಗಿದೆ” ಎಂದರು.

ಎಂಟೂವರೆಗೆ ನನಗೆ ಎಚ್ಚರವಾಯಿತು. ಗೂಟದಲ್ಲಿ ಕೊಡೆ ಇರಲಿಲ್ಲ. ಅಂಗಳಕ್ಕೆ ಓಡಿದೆನು. ಶೀಶೆ ತುಂಬಿ ತುಳುಕಿ ಹೊರಗಿನ ಡಬ್ಬಿಯಲ್ಲಿಯೂ ನೀರು ನಿಂತಿತ್ತು. ತಂದೆಯವರು ಅದನ್ನು ಒಂದು ಹನಿಯೂ ಚೆಲ್ಲದಂತೆ ಗಾಜಿಗೆ ಬಗ್ಗಿಸಿ ಬಗ್ಗಿಸಿ ಅಳೆಯುತ್ತಿದ್ದರು. ನಾನು ಕೊಡೆ ಹಿಡಿದು ಅಳತೆಗಳನ್ನು ಎಣಿಸಿದೆನು. ಒಳಗೆ ಬಂದು ಪುಸ್ತಕದಲ್ಲಿ ಮೂರನೆಯ ದಿನದ ಮನೆಯಲ್ಲಿ ಮೊತ್ತವನ್ನು ಬರೆದು, ಪಕ್ಕದಲ್ಲಿ “ಮೂರು ದಿನದ್ದು” ಎಂದು ಸೇರಿಸಿದರು. ಹಿಂದಿನ ಎರಡು ಮನೆಗಳಲ್ಲಿ ಅಡ್ಡಗೆರೆ ಎಳೆದರು. ನಲವತ್ತೈದು ವರ್ಷಗಳ ಪುಸ್ತಕದಲ್ಲಿ ಅಂತಹ ಗೆರೆ ನನಗೆ ಬೇರೆಲ್ಲಿಯೂ ಕಂಡಿಲ್ಲ. ಮೂರರಿಂದ ಭಾಗಿಸಿ ಬರೆಯಬಹುದಲ್ಲವೆ ಎಂದು ಕೇಳಿದೆನು.

“ಯಾವ ದಿನ ಎಷ್ಟು ಬಿತ್ತೆಂದು ನಾನು ನೋಡಿಲ್ಲವಲ್ಲೋ” ಎಂದರು.

ಹಳೆಯ ಪಟ್ಟಿಯನ್ನು ತೆಗೆದುಹಾಕಿ, ಹೊಸದಕ್ಕೆ ಜೊತೆಯಾಗಿ ಮತ್ತೊಂದನ್ನು ತಂದೆನು. ಈ ಬಾರಿ ಒಂದು ರಾತ್ರಿಯ ಪರೀಕ್ಷೆ ಮುಗಿಯುವವರೆಗೆ ಒಂದಕ್ಷರವನ್ನೂ ಬರೆಯಲಿಲ್ಲ. ಅನಂತರ ನಾನು ಅಷ್ಟರವರೆಗೆ ಏರಿಸಿದ್ದುದನ್ನೆಲ್ಲ ಮೊದಲಿನಿಂದ ತಾಳೆನೋಡಬೇಕಾಯಿತು. ಮೊತ್ತಗಳು ಅಂಕಿಗಳನ್ನು ಕಾದಾವು; ಟಿಪ್ಪಣಿಗಳನ್ನು ಕಾಯುವವರಾರು? ಸಂಜೆಯ ಹೊತ್ತು ತಂದೆಯವರು ಪುಸ್ತಕದಿಂದ ಗಟ್ಟಿಯಾಗಿ ಓದುವರು. ನಾನು ಪರದೆಯ ಮೇಲೆ ನೋಡುವೆನು. ಊರಿನಲ್ಲಿ ಕೈಲ್ ಮುಹೂರ್ತ ಕಳೆದು ಚೌತಿ ಬರುವವರೆಗೂ ಇದು ನಡೆಯಿತು. ನನಗೆ ಮಳೆಯ ಲೆಕ್ಕವಾಗಿ ಕಂಡಿದ್ದುದರ ನಡುವೆ ನನ್ನ ಅಕ್ಕನ ಮದುವೆಯ ಹಿಂದಿನ ದಿನದ ಮಳೆಯಿತ್ತು. ನಾನು ಹುಟ್ಟಿದ ದಿನ ಮಳೆಯಿಲ್ಲವೆಂಬ ಸೊನ್ನೆಯಿತ್ತು.

‘ಬಳೆ’ಯ ಪುಟ ಬಂದಾಗ ತಂದೆಯವರು “ರಾತ್ರಿಯೆಲ್ಲ ಮಳೆ, ಗಾಳಿ” ಎಂದು ಓದಿ, ನಾನು ತಿದ್ದುವುದನ್ನು ಕಾದರು. ಅಡುಗೆಮನೆಯಿಂದ ನನ್ನಾಕೆ, “ಅದೊಂದು ಹಾಗೆಯೇ ಇರಲಿ ಮಾವ. ಈ ಮನೆಯಲ್ಲಿ ಬಳೆಯ ಲೆಕ್ಕ ಬರೆದವರು ಯಾರೂ ಇಲ್ಲ” ಎಂದಳು. ತಂದೆಯವರು ನಕ್ಕರು, ಆದರೆ ಒಪ್ಪಲಿಲ್ಲ. ಆ ರಾತ್ರಿ ಬಿದ್ದದ್ದು ಮಳೆ.